ಹುಂಜ ಇಲ್ಲದ ಗೂಡಿನಲ್ಲಿ ಮೊಟ್ಟೆ: ಹಿತ್ತಿಲ ಕೋಳಿಯ ನಂಬಿಕೆ ಮತ್ತು ನಿಜ

ಮಂಗಳೂರಿನ ಜೆಪ್ಪುವಿನಲ್ಲಿ ಹಿತ್ತಿಲು ಇನ್ನೂ ಪೂರ್ತಿ ಮಾಯವಾಗಿಲ್ಲ. ಮೋರ್ಗನ್ಸ್ ಗೇಟ್, ಮಹಾಕಾಳಿಪಡ್ಪು, ಬಪ್ಪಾಲ್ ಕಡೆಯ ಓಣಿಗಳಲ್ಲಿ ಬಹುಮಹಡಿ ಕಟ್ಟಡಗಳ ನಡುವೆ ಉಳಿದುಕೊಂಡ ಹಂಚಿನ ಮನೆಗಳಿವೆ. ಅವುಗಳ ಹಿಂದೆ ಒಂದು ಹಲಸಿನ ಮರ, ಎರಡು ತೆಂಗು, ಬಟ್ಟೆ ಒಗೆಯುವ ಕಲ್ಲು, ಕೆಲವು ಕಡೆ ಒಂದು ಕೋಳಿಗೂಡು. ಹಿಂದೆ ಈ ಗೂಡು ಮನೆಯ ಅಜ್ಜಿಯಂದಿರ ವಶದಲ್ಲಿತ್ತು. ಈಗ ಕೆಲವು ಮನೆಗಳಲ್ಲಿ ಅದನ್ನು ಮಕ್ಕಳು ವಹಿಸಿಕೊಂಡಿದ್ದಾರೆ. ನಮ್ಮ ಓಣಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಹೇಂಟೆ ಸಾಕಿದ್ದಾಳೆ. ಕೊಯ್ಯಲಿಕ್ಕೆಂದು ಸಾಕಿದ್ದಲ್ಲ. ಶಾಲೆಯಿಂದ ಬಂದವಳೇ ಚೀಲ ಇಳಿಸಿ ಗೂಡಿನ ಬಾಗಿಲು ತೆಗೆಯುತ್ತಾಳೆ, ಕತ್ತಲಾಗುವವರೆಗೂ ಅವುಗಳ ಜೊತೆಗೇ ಇರುತ್ತಾಳೆ. ಯಾವ ಕೋಳಿ ಎಷ್ಟು ಗಂಟೆಗೆ ಮೊಟ್ಟೆ ಇಟ್ಟಿತು, ಯಾವುದು ಯಾವುದನ್ನು ಕುಕ್ಕಿತು ಎಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ.

ಆ ಗೂಡಿನ ಎದುರು ನಿಂತವರೆಲ್ಲ ಅವಳಿಗೊಂದು ಬುದ್ಧಿಮಾತು ಹೇಳಿಯೇ ಹೋಗುತ್ತಾರೆ. ಅದರಲ್ಲಿ ಕೆಲವು ಮಾತುಗಳಿಗೆ ತಲೆಮಾರುಗಳ ಅನುಭವದ ಬಲ ಇದೆ, ಕೆಲವು ಬರೇ ಕೇಳಿ ಬಂದವು. ಕೇಳಿ ಬಂದ ಮಾತಿನಿಂದ ಕೋಳಿಯ ಜೀವಕ್ಕೇ ಕುತ್ತು ಬರುವುದನ್ನು ನೋಡಿದ್ದೇನೆ. ಹಾಗಾಗಿ ಯಾವ ಮಾತು ನಿಜ, ಯಾವುದು ಅಲ್ಲ ಎಂದು ವಿವರವಾಗಿ ಹೇಳಬೇಕೆನಿಸಿತು.

"ಹುಂಜ ಇಲ್ಲದಿದ್ದರೆ ಮೊಟ್ಟೆ ಇಲ್ಲ"

"ಒಂದು ಹುಂಜ ತಕ್ಕೊಂಡು ಬಾ ಮಗಾ, ಇಲ್ಲದಿದ್ದರೆ ಅದು ಎಂತ ಮೊಟ್ಟೆ ಇಡ್ತದೆ?" ಆ ಹುಡುಗಿ ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು.

ಹೇಂಟೆಗೆ ಮೊಟ್ಟೆ ಇಡಲು ಹುಂಜದ ಹಂಗಿಲ್ಲ. ಅದರ ಅಂಡಾಶಯದಿಂದ ಹಳದಿ ಭಾಗ ಕಳಚಿಕೊಂಡು ನಾಳದೊಳಗೆ ಇಳಿಯುತ್ತದೆ, ದಾರಿಯಲ್ಲಿ ಬಿಳಿಲೋಳೆ ಸುತ್ತಿಕೊಳ್ಳುತ್ತದೆ, ಕೊನೆಗೆ ಚಿಪ್ಪು ಕಟ್ಟುತ್ತದೆ. ಒಟ್ಟು 24ರಿಂದ 26 ಗಂಟೆಯ ಕೆಲಸ. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಬೇಕು. ಒಂದು ಮೊಟ್ಟೆ ಹೊರಬಿದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಂದಿನ ಹಳದಿ ಹೊರಡುತ್ತದೆ. ದಿನಕ್ಕಿರುವುದು 24 ಗಂಟೆ, ಮೊಟ್ಟೆಗೆ ಬೇಕಾದದ್ದು ಅದಕ್ಕಿಂತ ತುಸು ಹೆಚ್ಚು. ಆದ್ದರಿಂದ ಇಂದು ಎಂಟು ಗಂಟೆಗೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ, ನಾಡಿದ್ದು ಹತ್ತಕ್ಕೆ ಇಡುತ್ತಾ ಹೋಗಿ, ಮಧ್ಯಾಹ್ನ ದಾಟಿದ ಮೇಲೆ ಒಂದು ದಿನ ರಜೆ ಹಾಕಿ, ಮತ್ತೆ ಬೆಳಿಗ್ಗೆಯಿಂದ ಶುರು ಮಾಡುತ್ತದೆ. ಗಡಿಯಾರ ನೋಡಿ ಬರೆದಿಡುವ ಯಾವ ಮಗುವೂ ಇದನ್ನು ತಾನೇ ಕಂಡುಕೊಳ್ಳಬಹುದು.

ಹುಂಜ ಬೇಕಾಗುವುದು ಮರಿಗೆ ಮಾತ್ರ. ಒಮ್ಮೆ ಕೂಡಿದರೆ ಹುಂಜದ ಬೀಜವನ್ನು ಹೇಂಟೆ ತನ್ನ ದೇಹದೊಳಗಿನ ಸಣ್ಣ ಕೊಳವೆಗಳಲ್ಲಿ ಸುಮಾರು ಎರಡು ವಾರ ಜೀವಂತ ಇಟ್ಟುಕೊಳ್ಳಬಲ್ಲದು. ಹುಂಜವನ್ನು ಮಾರಿದ ಮೇಲೂ ಮರಿ ಬಂದದ್ದಕ್ಕೆ ಜನ ಆಶ್ಚರ್ಯಪಡುವುದು ಇದರಿಂದಾಗಿಯೇ. ಇನ್ನು, ಒಡೆದಾಗ ಹಳದಿಯ ಮೇಲೆ ರಕ್ತದ ಚುಕ್ಕಿ ಕಂಡರೆ "ಮರಿ ಶುರುವಾಗಿದೆ" ಎಂದು ಎಸೆಯುವವರಿದ್ದಾರೆ. ಹಳದಿ ಕಳಚಿಕೊಳ್ಳುವಾಗ ಒಂದು ಸಣ್ಣ ರಕ್ತನಾಳ ಒಡೆದರೆ ಆ ಚುಕ್ಕಿ ಬೀಳುತ್ತದೆ. ಹುಂಜವನ್ನೇ ಕಾಣದ ಕೋಳಿಯ ಮೊಟ್ಟೆಯಲ್ಲೂ ಅದು ಇರುತ್ತದೆ, ಚಮಚದಲ್ಲಿ ತೆಗೆದು ಬೇಯಿಸಿದರೆ ಆಯಿತು.

ಪೇಟೆಯ ನಡುವೆ ಹುಂಜ ಇಲ್ಲದಿರುವುದೇ ನೆರೆಹೊರೆಗೆ ಒಳ್ಳೆಯದು. ಬೆಳಕು ಕಂಡು ಹುಂಜ ಕೂಗುತ್ತದೆ ಎನ್ನುತ್ತಾರೆ. ಆದರೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟ ಹಾಗೆ, ಸದಾ ಮಂದ ಬೆಳಕಿರುವ ಕೋಣೆಯಲ್ಲಿಟ್ಟರೂ ಹುಂಜ ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಗಡಿಯಾರ ಅದರ ಮೈಯೊಳಗೇ ಇದೆ. ಗೂಡಿಗೆ ಗೋಣಿ ಮುಚ್ಚಿ ಕತ್ತಲೆ ಮಾಡಿದರೆ ಸುಮ್ಮನಿರುತ್ತದೆ ಎಂದು ನಂಬಿದವರಿಗೆ ಪಕ್ಕದ ಮನೆಯವರ ಬೈಗುಳ ತಪ್ಪುವುದಿಲ್ಲ.

"ಹೇಂಟೆ ಕೂಗಿದರೆ ಮನೆಗೆ ಕೇಡು"

ಹಿತ್ತಿಲ ಕೋಳಿಯ ಬಗ್ಗೆ ಇರುವ ನಂಬಿಕೆಗಳಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದು. ಎರಡು ಮೂರು ವರ್ಷ ಮೊಟ್ಟೆ ಕೊಟ್ಟ ಹೇಂಟೆ ಒಂದು ಬೆಳಿಗ್ಗೆ ಕುತ್ತಿಗೆ ಉದ್ದ ಮಾಡಿ ಹುಂಜದ ಹಾಗೆ ಕೂಗಿಬಿಟ್ಟರೆ ಆ ದಿನವೇ ಅದರ ಕತೆ ಮುಗಿಯಿತು. ಮನೆಯಲ್ಲಿ ಸಾವಾಗುತ್ತದೆ, ಸಾಲವಾಗುತ್ತದೆ ಎಂಬ ಭಯ.

ಆಗುವುದೇನೆಂದರೆ, ಹೇಂಟೆಗೆ ಸಾಮಾನ್ಯವಾಗಿ ಎಡಬದಿಯ ಅಂಡಾಶಯ ಒಂದೇ ಬೆಳೆದು ಕೆಲಸ ಮಾಡುತ್ತದೆ. ಬಲಬದಿಯದು ಮೊಳಕೆಯಂತೆ ಹಾಗೇ ಉಳಿದಿರುತ್ತದೆ. ಸೋಂಕಿನಿಂದಲೋ ಗಡ್ಡೆಯಿಂದಲೋ ಎಡಗಡೆಯದು ಹಾಳಾದರೆ ಹೆಣ್ಣು ಹಾರ್ಮೋನು ಇಳಿಯುತ್ತದೆ, ಗಂಡು ಹಾರ್ಮೋನಿನ ಪ್ರಭಾವ ಏರುತ್ತದೆ. ಆಗ ಜುಟ್ಟು ದೊಡ್ಡದಾಗಬಹುದು, ಕಾಲಿಗೆ ಮುಳ್ಳು ಬರಬಹುದು, ಮುಂದಿನ ಸಲ ಗರಿ ಬದಲಿಸುವಾಗ ಹುಂಜದ ಗರಿಯೇ ಮೂಡಬಹುದು. ಕೆಲವೊಮ್ಮೆ ಇಷ್ಟೂ ಇಲ್ಲ. ಹುಂಜವಿಲ್ಲದ ಗುಂಪಿನಲ್ಲಿ ಯಜಮಾನಿಕೆ ನಡೆಸುವ ಹೇಂಟೆ ಸುಮ್ಮನೆ ಕೂಗುವುದೂ ಉಂಟು, ಕೂಗುತ್ತಲೇ ಮೊಟ್ಟೆ ಇಡುವುದೂ ಉಂಟು. ಅದರ ಕೂಗಿನಲ್ಲಿ ಮನೆಯವರ ಭವಿಷ್ಯ ಯಾವುದೂ ಇಲ್ಲ.

ಇಂಥ ಭಯ ನಮ್ಮವರಿಗೆ ಮಾತ್ರ ಇದ್ದದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಒಂದು ಹುಂಜ ಮೊಟ್ಟೆ ಇಟ್ಟಿತೆಂದು ವಿಚಾರಣೆಗೆ ಗುರಿಯಾಯಿತು. ಹುಂಜದ ಮೊಟ್ಟೆಯಿಂದ ವಿಷಸರ್ಪದಂಥ ಪ್ರಾಣಿ ಹುಟ್ಟುತ್ತದೆ ಎಂದು ಅಲ್ಲಿಯ ಜನ ನಂಬಿದ್ದರು. ತೀರ್ಪು ಕೊಟ್ಟು, ಹುಂಜವನ್ನೂ ಅದರ ಮೊಟ್ಟೆಯನ್ನೂ ಜನರ ಎದುರೇ ಸುಟ್ಟರು. ಹುಂಜದ ರೂಪ ತಾಳಿದ ಹೇಂಟೆಯೇ ಅದು ಇದ್ದಿರಬೇಕು. ಇದೇ ಬಾಸೆಲ್‌ನಿಂದ ಹೊರಟ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1860ರ ದಶಕದಲ್ಲಿ ನಮ್ಮ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಹತ್ತಿರ ಹಂಚಿನ ಕಾರ್ಖಾನೆ ಕಟ್ಟಿತು. ಜೆಪ್ಪುವಿನ ಹಂಚಿನ ಮಾಡಿಗೂ ಕೂಗಿದ ಹೇಂಟೆಯ ಭಯಕ್ಕೂ ಒಂದೇ ಊರಿನ ನಂಟು ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಕೂಗುವ ಹೇಂಟೆ ನಿಮ್ಮಲ್ಲಿದ್ದರೆ ಅದರ ಹೊಟ್ಟೆ ಊದಿಕೊಂಡಿದೆಯೇ, ತೂಕ ಇಳಿದಿದೆಯೇ ಎಂದು ನೋಡಿ. ಹಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಅದರ ಪಾಡಿಗೆ ಬಿಡಿ.

"ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆ"

ಎಪ್ರಿಲ್ ಕೊನೆಯಿಂದ ಮಳೆಗಾಲ ಹಿಡಿಯುವವರೆಗೆ ಮಂಗಳೂರಿನಲ್ಲಿ ಸಂಜೆಯ ಗುಡುಗು ಗೊತ್ತಿದ್ದದ್ದೇ. ಆ ದಿನಗಳಲ್ಲಿ ಕಾವಿಗೆ ಇಟ್ಟ ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು ಇಡುವ ಮನೆಗಳು ಈಗಲೂ ಇವೆ. ಇಟ್ಟರೆ ನಷ್ಟವೇನಿಲ್ಲ, ಆದರೆ ಗುಡುಗನ್ನು ದೂರಿ ನಿಜವಾದ ಕಾರಣವನ್ನು ಬಿಟ್ಟುಬಿಡುತ್ತೇವೆ, ಅದೇ ನಷ್ಟ.

1960ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸದ್ದಿನ ಪರೀಕ್ಷೆಯೇ ನಡೆದಿದೆ. ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನಗಳು ಹುಟ್ಟಿಸುವ ಸ್ಫೋಟದಂಥ ಸದ್ದಿಗೆ ಕಾವಿನ ಮೊಟ್ಟೆಗಳನ್ನು ಒಡ್ಡಿದರು. ಮರಿ ಒಡೆಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಗುಡುಗಿನ ದಿನಗಳಲ್ಲಿ ಮೊಟ್ಟೆ ಕೆಡುವುದು ಸುಳ್ಳೇ? ಕೆಡುವುದು ನಿಜ, ಕೆಡಿಸುವುದು ಸೆಕೆ. ಮೊಟ್ಟೆಯೊಳಗಿನ ಜೀವ ತಣ್ಣಗಿನ ಜಾಗದಲ್ಲಿ ಮಲಗಿರುತ್ತದೆ, ಹೊರಗಿನ ಉಷ್ಣಾಂಶ 24-25 ಡಿಗ್ರಿ ದಾಟಿದರೆ ನಿಧಾನಕ್ಕೆ ಬೆಳೆಯತೊಡಗುತ್ತದೆ. ಚೆನ್ನಾಗಿ ಬೆಳೆಯಲು ಬೇಕಾದದ್ದು ಸುಮಾರು 37.5 ಡಿಗ್ರಿ. ನಮ್ಮ ಮೇ ತಿಂಗಳ ಹಗಲು 33-34 ಡಿಗ್ರಿ. ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರುವಷ್ಟರಲ್ಲಿ ಮೊದಮೊದಲು ಇಟ್ಟ ಮೊಟ್ಟೆಗಳು ಅಡುಗೆಮನೆಯ ಬುಟ್ಟಿಯಲ್ಲಿ ಎರಡು ವಾರ ಈ ಸೆಕೆಯಲ್ಲಿ ಕಳೆದಿರುತ್ತವೆ. ಒಳಗಿನ ಜೀವ ಅರ್ಧಂಬರ್ಧ ಬೆಳೆದು ಸತ್ತಿರುತ್ತದೆ. ಅಂಥ ಮೊಟ್ಟೆಯನ್ನು ಕಾವಿಗಿಟ್ಟರೆ ಕೊಳೆಯುತ್ತದೆ, ಒಡೆದರೆ ಉಳಿದವನ್ನೂ ಕೆಡಿಸುತ್ತದೆ. ಅಷ್ಟರಲ್ಲಿ ಒಂದು ಗುಡುಗು ಬಂದಿರುತ್ತದೆ, ತಪ್ಪೆಲ್ಲ ಅದರ ತಲೆಗೆ.

ಪರಿಹಾರ ಸುಲಭ. ಮರಿ ಮಾಡಿಸುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ. ಮನೆಯ ಅತಿ ತಂಪಾದ ಮೂಲೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಕಾವಿಗೆ ಇಟ್ಟ ಏಳನೇ ರಾತ್ರಿ ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿದರೆ ಜೀವ ಇರುವ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡನ ಬಲೆಯ ಹಾಗೆ ಹರಡಿರುವುದು ಕಾಣುತ್ತದೆ. ಖಾಲಿ ಕಂಡದ್ದನ್ನು ತೆಗೆದುಬಿಡಿ. ಇಪ್ಪತ್ತೊಂದನೇ ದಿನದ ಹೊತ್ತಿಗೆ ಮರಿ ಒಡೆಯುತ್ತದೆ. ಬೆಸ ಸಂಖ್ಯೆಯ ಮೊಟ್ಟೆಯನ್ನೇ ಇಡಬೇಕು ಎಂಬ ಮಾತಿಗೂ ಆಧಾರವಿಲ್ಲ. ಹೇಂಟೆಯ ಮೈಗೆ ಎಲ್ಲ ಮೊಟ್ಟೆ ತಾಗಬೇಕು, ಅಷ್ಟೇ ಲೆಕ್ಕ.

ಕಾವಿನ ವಿಷಯಕ್ಕೆ ಬಂದಾಗ ಇನ್ನೊಂದನ್ನು ಹೇಳಲೇಬೇಕು. ಮರಿ ಬೇಡ, ಮೊಟ್ಟೆ ಬೇಕು ಎಂದಾಗ ಕಾವು ಬಿಡಿಸಲು ಹೇಂಟೆಯ ಮೂಗಿನ ತೂತಿಗೆ ಗರಿ ಚುಚ್ಚುವುದು, ಬಾಲ್ದಿ ನೀರಿನಲ್ಲಿ ಮುಳುಗಿಸುವುದು, ಕಾಲು ಕಟ್ಟಿ ಬಿಸಿಲಿಗೆ ಹಾಕುವುದು ನಡೆದುಕೊಂಡು ಬಂದಿದೆ. "ಅದಕ್ಕೆ ಸೋಮಾರಿತನ" ಎನ್ನುತ್ತಾರೆ. ಕಾವಿಗೆ ಕೂತ ಹೇಂಟೆ ದಿನಕ್ಕೆ ಒಂದು ಸಲ ಕಾಲು ಗಂಟೆ ಎದ್ದು, ತಿಂದು, ಕುಡಿದು, ಮತ್ತೆ ಕೂರುತ್ತದೆ. ಎದೆಯ ಗರಿ ಉದುರಿ, ತೂಕ ಇಳಿದು ಹೋಗಿರುತ್ತದೆ. ಅದರಲ್ಲಿ ಸೋಮಾರಿತನ ಎಲ್ಲಿಂದ ಬಂತು? ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅದನ್ನು ಕೂರಿಸಿರುತ್ತದೆ. ಹೊಟ್ಟೆಯ ಅಡಿಗೆ ಗಾಳಿಯಾಡುವಂತೆ ಮಾಡಿದರೆ ಆ ಹಾರ್ಮೋನು ಇಳಿಯುತ್ತದೆ. ತಳಕ್ಕೆ ಸರಿಗೆ ಬಲೆ ಇರುವ ಪಂಜರವನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ, ಹುಲ್ಲು ಹಾಕದೆ, ನೀರು ಆಹಾರ ಕೊಟ್ಟು, ನೆರಳಿನಲ್ಲಿ ಮೂರು ನಾಲ್ಕು ದಿನ ಇಟ್ಟರೆ ಸಾಕು. ಮೂಗಿಗೆ ಗರಿ ಚುಚ್ಚುವುದು ಬರೇ ಹಿಂಸೆ.

"ಕೆಂಪು ಮೊಟ್ಟೆಯಲ್ಲಿ ಶಕ್ತಿ ಹೆಚ್ಚು"

ಚಿಪ್ಪಿನ ಬಣ್ಣ ತಳಿಯಿಂದ ಬರುವುದು. ಚಿಪ್ಪು ಕಟ್ಟುವ ಕೊನೆಯ ಹಂತದಲ್ಲಿ ಕಂದು ಬಣ್ಣದ್ರವ್ಯ ಬಳಿದುಕೊಳ್ಳುತ್ತದೆ, ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಐವತ್ತು ಗ್ರಾಂ ತೂಗುವ ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು, ಬಿಳಿಯಾಗಲಿ ಕೆಂಪಾಗಲಿ. ಊರಿನ ಕೋಳಿಯ ಮೊಟ್ಟೆ ಗಾತ್ರದಲ್ಲಿ ಸಣ್ಣದು, ಅದರಲ್ಲಿ ಹಳದಿಯ ಪಾಲು ಹೆಚ್ಚು, ಅದಕ್ಕೇ ನಾಲಗೆಗೆ ದಟ್ಟ ಎನಿಸುತ್ತದೆ. ಹಳದಿಯ ಕೇಸರಿ ಬಣ್ಣ ಬರುವುದು ಅದು ತಿಂದ ಸೊಪ್ಪು, ಜೋಳದಿಂದ. ಫಾರಂ ಕೋಳಿಯ ಆಹಾರಕ್ಕೆ ಚೆಂಡು ಹೂವಿನ ಸಾರ ಬೆರೆಸಿದರೂ ಅದೇ ಬಣ್ಣ ಬರುತ್ತದೆ. ಆದ್ದರಿಂದ ಬಣ್ಣ ನೋಡಿ ಮೊಟ್ಟೆಯ ಹುಟ್ಟೂರು ಹೇಳಲಾಗದು.

ಕೋಳಿಯ ಬಣ್ಣವೂ ಹಾಗೇ. ಮೈಮೇಲೆ ಬಣ್ಣಬಣ್ಣದ ಗರಿ ಇದ್ದ ಮಾತ್ರಕ್ಕೆ ಅದು ಊರಿನ ಕೋಳಿಯಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನ ವನರಾಜ ಇವೆಲ್ಲ ನೋಡಲು ನಾಟಿಯಂತೆಯೇ ಇರುವ ಸುಧಾರಿತ ತಳಿಗಳು. ಊರಿನ ಹೇಂಟೆ ವರ್ಷಕ್ಕೆ 60-80 ಮೊಟ್ಟೆ ಇಟ್ಟರೆ ಗಿರಿರಾಜ ಅದರ ಸುಮಾರು ಎರಡು ಪಾಲು ಇಡುತ್ತದೆ, ಕಾರಣ ಅದು ಕಾವಿಗೆ ಕೂರುವುದು ಅಪರೂಪ. ಮರಿ ಎಬ್ಬಿಸುವ ಆಸೆ ಇರುವ ಮಕ್ಕಳಿಗೆ ಊರಿನ ಹೇಂಟೆಯೇ ಸರಿ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅವು ಹೆಚ್ಚಿನವು ಮೊಟ್ಟೆ ತಳಿಯ ಗಂಡು ಮರಿಗಳು, ಹ್ಯಾಚರಿಗೆ ಬೇಡವಾದವು. ಮೊದಲ ವಾರ ಅವಕ್ಕೆ 32ರಿಂದ 35 ಡಿಗ್ರಿ ಬಿಸಿ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ, ಬಲ್ಬು ಇಲ್ಲದೆ, ಜೂನ್ ತಿಂಗಳ ಮಳೆಯಲ್ಲಿ ಅವು ಎರಡು ದಿನವೂ ಬಾಳುವುದಿಲ್ಲ, ಮಗು ಅಳುತ್ತಾ ಕೂರುತ್ತದೆ.

ಒಂದು ಪುಟ್ಟ ವಿಷಯ: ನಮ್ಮ ಕಾಡುಕೋಳಿಯಿಂದಲೇ ಊರಿನ ಕೋಳಿ ಬಂತು ಎನ್ನುವುದು ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾ ಕಡೆಯ ಕೆಂಪು ಕಾಡುಕೋಳಿ. ಆದರೆ ಅನೇಕ ಕೋಳಿಗಳ ಕಾಲಿನ ಹಳದಿ ಬಣ್ಣದ ಜೀನ್ ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು.

ಮೊಟ್ಟೆಯನ್ನು ಗೂಡಿನಿಂದ ತಂದ ಕೂಡಲೇ ತೊಳೆದಿಡುವುದು ಶುಚಿ ಎಂಬುದೂ ತಪ್ಪು. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳುಪದರ ಇರುತ್ತದೆ, ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಅದು ಮುಚ್ಚಿರುತ್ತದೆ. ತೊಳೆದರೆ ಅದು ಹೋಗಿ ರೋಗಾಣು ಒಳಗಿಳಿಯಲು ದಾರಿಯಾಗುತ್ತದೆ. ಕೊಳೆ ಇದ್ದರೆ ಒಣ ಬಟ್ಟೆಯಿಂದ ಒರೆಸಿ. ತೊಳೆಯಲೇಬೇಕಾದರೆ ಬೇಯಿಸುವ ಮುಂಚೆ ತೊಳೆಯಿರಿ. ಕೋಳಿ ಮುಟ್ಟಿದ ಕೈಯನ್ನು ಮಾತ್ರ ಪ್ರತಿ ಸಲವೂ ಸಾಬೂನು ಹಾಕಿ ತೊಳೆಯಬೇಕು. ಸಾಲ್ಮೊನೆಲ್ಲಾ ಎಂಬ ರೋಗಾಣು ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಇರಬಹುದು. ಪ್ರೀತಿ ಎಷ್ಟೇ ಇರಲಿ, ಕೋಳಿಗೆ ಮುತ್ತಿಡಬೇಡಿ.

"ಕೋಳಿಗೆ ಏನು ಹಾಕಿದರೂ ಆಗ್ತದೆ"

ಕುಚ್ಚಲಕ್ಕಿ ಅನ್ನ, ತೌಡು, ಹಲಸಿನ ಬೀಜದ ಚೂರು, ಹರಿವೆ ಸೊಪ್ಪು, ಗೆದ್ದಲು, ಎರೆಹುಳ ಎಲ್ಲವೂ ಸರಿ. ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದ ಅಕ್ಕಿ, ಹಳಸಿದ ಕಡಲೆ ಹಿಂಡಿಯನ್ನು "ಮನುಷ್ಯರಿಗೆ ಆಗದು, ಕೋಳಿಗೆ ಹಾಕು" ಎನ್ನುವುದಿದೆಯಲ್ಲ, ಅದು ವಿಷ ಹಾಕಿದಂತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಕೊನೆಗೆ ಗೊತ್ತಾದದ್ದು, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಸ್ಟಿನ ವಿಷ ಇತ್ತು. ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದೇ ಆಗ. ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ನಮ್ಮ ಊರಿನಲ್ಲಿ ಕೋಳಿ ಆಹಾರವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಹದಿನೈದು ದಿನಕ್ಕೆ ಸಾಲುವಷ್ಟು ಮಾತ್ರ ಇಟ್ಟುಕೊಳ್ಳಬೇಕು. ಬೆಣ್ಣೆಹಣ್ಣಿನ ಸಿಪ್ಪೆ ಬೀಜವೂ ಬೇಡ, ಉಪ್ಪಿನ ಮೀನಿನ ಉಳಿಕೆಯೂ ಬೇಡ.

ಕೋಳಿ ಕಲ್ಲು ನುಂಗಿದರೆ ಗಾಬರಿ ಬೀಳುವವರಿದ್ದಾರೆ. ಹಲ್ಲಿಲ್ಲದ ಜೀವಕ್ಕೆ ಆ ಹರಳುಗಳೇ ಹೊಟ್ಟೆಯೊಳಗಿನ ಬೀಸುಕಲ್ಲು. ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಬೇರೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಅನ್ನ ತೌಡಿನಲ್ಲಿ ಅದು ಸಿಗದು. ನೇತ್ರಾವತಿಯ ಮರುವಾಯಿ (ಕಪ್ಪೆಚಿಪ್ಪು) ತಿನ್ನುವ ಮನೆಗಳಲ್ಲಿ ಚಿಪ್ಪನ್ನು ಎಸೆಯದೆ, ತೊಳೆದು ಒಣಗಿಸಿ, ಒನಕೆಯಲ್ಲಿ ಕುಟ್ಟಿ ಒಂದು ತೆಂಗಿನ ಗೆರಟೆಯಲ್ಲಿ ಗೂಡಿನ ಬದಿಗೆ ಇಟ್ಟರೆ ಹೇಂಟೆ ತನಗೆ ಬೇಕಾದಷ್ಟೇ ತಿನ್ನುತ್ತದೆ. ನಮ್ಮ ಓಣಿಯ ಹುಡುಗಿ ಹಾಗೇ ಮಾಡುತ್ತಾಳೆ. ಸಂಜೆ, ಗೂಡು ಸೇರುವ ಮುಂಚೆ, ಮರುದಿನ ಮೊಟ್ಟೆ ಇಡಬೇಕಾದ ಕೋಳಿ ಬಂದು ಆ ಗೆರಟೆಯನ್ನೇ ಹುಡುಕುತ್ತದೆ. ರಾತ್ರಿ ಚಿಪ್ಪು ಕಟ್ಟುವ ಕೆಲಸಕ್ಕೆ ಅದು ಮೊದಲೇ ಸಾಮಾನು ಜೋಡಿಸಿಕೊಳ್ಳುತ್ತಿದೆ.

ಮೆಣಸು ತಿನ್ನಿಸಿದರೆ ಮೈ ಬಿಸಿಯಾಗಿ ಬೇಗ ಮೊಟ್ಟೆ ಇಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಖಾರವನ್ನು ಹಕ್ಕಿಗಳ ನರಗಳು ಗುರುತಿಸುವುದೇ ಇಲ್ಲ. ಗಾಂಧಾರಿ ಮೆಣಸಿನ ಗಿಡದ ಬೀಜ ಕಾಂಪೌಂಡು ದಾಟಿ ಹುಟ್ಟುವುದು ಹಕ್ಕಿಗಳ ಈ ಗುಣದಿಂದ.

"ಊರಿನ ಕೋಳಿಗೆ ರೋಗ ಬರುವುದಿಲ್ಲ"

ಈ ಮಾತು ನಂಬಿ ಕೂತ ಗೂಡುಗಳು ಒಂದೇ ವಾರದಲ್ಲಿ ಖಾಲಿಯಾಗುತ್ತವೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಕಂಡರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದು ವೈರಸ್ಸಿನ ರೋಗ, ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಈರುಳ್ಳಿ ಯಾವುದೂ ಅದನ್ನು ನಿಲ್ಲಿಸದು. ಬರುವ ಮುಂಚೆ ಲಸಿಕೆ ಹಾಕಿಸುವುದೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದ ಸುಮಾರಿಗೆ ಇನ್ನೊಂದು ಸುತ್ತು, ಆರರಿಂದ ಎಂಟು ವಾರದೊಳಗೆ ಚುಚ್ಚುಮದ್ದು. ಈ ಲಸಿಕೆಯನ್ನು ಹೆಬ್ಬಾಳದ ಸರಕಾರಿ ಸಂಸ್ಥೆಯೇ ತಯಾರಿಸುತ್ತದೆ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಸಾಲುವಷ್ಟು ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಕೋಳಿ ಸಾಕಿದವರು ಒಬ್ಬೊಬ್ಬರೇ ಹೋದರೆ ಆಗದ ಕೆಲಸ, ಓಣಿಯ ಐದಾರು ಮನೆಯವರು ಒಟ್ಟಾಗಿ ಪಶು ಆಸ್ಪತ್ರೆಯಲ್ಲಿ ಒಂದು ದಿನ ನಿಗದಿ ಮಾಡಿಕೊಂಡರೆ ಆಗುತ್ತದೆ.

ಮಳೆಗಾಲದ ರಕ್ತಭೇದಿ ಇನ್ನೊಂದು. ಅದನ್ನು ದೃಷ್ಟಿ ಎನ್ನುತ್ತಾರೆ. ಒದ್ದೆ ನೆಲದಲ್ಲಿ ಹೆಚ್ಚುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿ ಅದಕ್ಕೆ ಕಾರಣ, ಅದಕ್ಕೆ ಔಷಧಿ ಇದೆ. ಗೂಡಿನ ನೆಲಕ್ಕೆ ಉಮಿ ಅಥವಾ ಮರದ ಹೊಟ್ಟು ದಪ್ಪಕ್ಕೆ ಹಾಕಿ, ಒದ್ದೆಯಾದ ಕಡೆ ತೆಗೆದು ಹೊಸತು ತುಂಬುತ್ತಾ ಇದ್ದರೆ ರೋಗವೂ ಕಡಿಮೆ, ನೆರೆಯವರು ದೂರುವ ನಾತವೂ ಕಡಿಮೆ. ಕೋಳಿ ನಾರುವುದಿಲ್ಲ, ಒದ್ದೆ ಹಿಕ್ಕೆ ನಾರುತ್ತದೆ.

ಹಕ್ಕಿಜ್ವರದ ಭಯ ಬೇರೆಯೇ ಬಗೆಯದು. ರೋಗ ಇರುವುದು ನಿಜ. ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ 2012ರಲ್ಲಿ, ಮೈಸೂರು ಮತ್ತು ದಾವಣಗೆರೆ ಜಿಲ್ಲೆಯಲ್ಲಿ 2020ರಲ್ಲಿ, ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ 2025ರಲ್ಲಿ ಅದು ಕಾಣಿಸಿಕೊಂಡಿತು. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗೆ ಸಾಕುಪ್ರಾಣಿಯ ಹಾಗೆ ಬೆಳೆಸಿದ ಕೋಳಿಯನ್ನೂ ಬಿಡದೆ ಕೊಲ್ಲಬೇಕಾಗುತ್ತದೆ. ಹಾಗೆಂದು ಚೆನ್ನಾಗಿ ಬೆಂದ ಮೊಟ್ಟೆ, ಮಾಂಸದಿಂದ ಅದು ಬರುವುದಿಲ್ಲ, 70 ಡಿಗ್ರಿಯಲ್ಲಿ ಆ ವೈರಸ್ಸು ಸಾಯುತ್ತದೆ. ನಿಮ್ಮ ಹಿತ್ತಿಲಲ್ಲಿ ಒಟ್ಟಿಗೆ ಹಲವು ಕಾಗೆಯೋ ಕೋಳಿಯೋ ಸತ್ತರೆ ಕೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಸುಳ್ಳುಸುದ್ದಿ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 2020ರ ಮಾರ್ಚ್ ಸಾಕ್ಷಿ. ಕೋಳಿಯಿಂದ ಕೊರೋನಾ ಬರುತ್ತದೆ ಎಂದು ಮೊಬೈಲಿನಲ್ಲಿ ಹರಡಿದ ಮಾತಿಗೆ ಬೆಲೆ ಕುಸಿದು, ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಗೆ ತುಂಬಿ ಮಣ್ಣು ಮುಚ್ಚಿದರು. ಕೋಳಿಗೂ ಕೊರೋನಾಕ್ಕೂ ಸಂಬಂಧವೇ ಇರಲಿಲ್ಲ.

ಹಾವಿನ ಬಗ್ಗೆ ಎರಡು ಮಾತು. ಕೋಳಿ ಇದ್ದರೆ ಹಾವು ಬರುವುದಿಲ್ಲ ಎಂದು ಒಬ್ಬರು, ಕೋಳಿ ಇದ್ದರೇ ಹಾವು ಬರುತ್ತದೆ ಎಂದು ಇನ್ನೊಬ್ಬರು. ಸಣ್ಣ ಹಾವನ್ನು ಕೋಳಿ ಕುಕ್ಕಿ ಕೊಲ್ಲುತ್ತದೆ, ದೊಡ್ಡ ನಾಗರಹಾವು ಮೊಟ್ಟೆ, ಮರಿ ನುಂಗುತ್ತದೆ. ಹೆಚ್ಚಾಗಿ ಅದನ್ನು ಎಳೆಯುವುದು ಚೆಲ್ಲಿದ ಅಕ್ಕಿಗೆ ಬರುವ ಇಲಿ, ಹೆಗ್ಗಣ. ಸಂಜೆ ಆಹಾರದ ಪಾತ್ರೆ ಎತ್ತಿಡಿ, ಕೆಂಪುಕಲ್ಲಿನ ಗೋಡೆಯ ಮಾಟೆ ಮುಚ್ಚಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ ಎಂಬ ಮಾತು ಹೆಚ್ಚುಕಡಿಮೆ ನಿಜ. ಅದಕ್ಕೇ ಹೊತ್ತು ಕಂತುವ ಮೊದಲೇ ಗೂಡಿಗೆ ಅಗುಳಿ ಬೀಳಬೇಕು.

"ಕೋಳಿಗೆ ಬುದ್ಧಿಯಿಲ್ಲ, ಓದುವ ಮಕ್ಕಳಿಗೆ ಅದು ಯಾಕೆ"

ನಾರ್ವೆಯಲ್ಲಿ 1894ರಲ್ಲಿ ಹುಟ್ಟಿದ ಥೊರ್ಲೀಫ್ ಶೆಲ್ಡೆರಪ್-ಎಬ್ಬೆ ಎಂಬ ಹುಡುಗನಿಗೂ ಕೋಳಿಯ ಹುಚ್ಚಿತ್ತು. ಹತ್ತನೇ ವಯಸ್ಸಿಗೆ ತನ್ನ ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡತೊಡಗಿದ. ಗುಂಪಿನಲ್ಲಿ ಒಂದು ಎಲ್ಲವನ್ನೂ ಕುಕ್ಕುತ್ತದೆ, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು ಕುಕ್ಕುತ್ತದೆ, ಕೊನೆಯದು ಎಲ್ಲರಿಂದ ಕುಕ್ಕಿಸಿಕೊಳ್ಳುತ್ತದೆ, ಈ ಕ್ರಮ ಸುಲಭಕ್ಕೆ ಬದಲಾಗುವುದಿಲ್ಲ ಎಂಬುದು ಅವನಿಗೆ ಕಂಡಿತು. 1921ರಲ್ಲಿ ಅದೇ ಅವನ ಡಾಕ್ಟರೇಟ್ ಪ್ರಬಂಧವಾಯಿತು. ತೋಳದಿಂದ ಕೋತಿಯವರೆಗೆ ಗುಂಪು ಕಟ್ಟಿ ಬಾಳುವ ಪ್ರಾಣಿಗಳ ಮೇಲು-ಕೀಳಿನ ಅಧ್ಯಯನಕ್ಕೆ ಅಡಿಪಾಯ ಹಾಕಿದ್ದು ಒಬ್ಬ ಬಾಲಕನ ಕೋಳಿಗೂಡು.

ಕೋಳಿಯ ಬುದ್ಧಿಯ ಬಗ್ಗೆ ಆಮೇಲೆ ತಿಳಿದದ್ದು ಬಹಳ. ಆಕಾಶದಲ್ಲಿ ಹದ್ದು ಕಂಡಾಗಿನ ಕೂಗು ಬೇರೆ, ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡಾಗಿನ ಕೂಗು ಬೇರೆ. ಮೊದಲನೆಯದಕ್ಕೆ ಉಳಿದವು ತಗ್ಗಿ ಮರೆಗೆ ಓಡುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಲ್ಲುತ್ತವೆ. ಹುಟ್ಟಿ ಕೆಲವೇ ದಿನವಾದ ಮರಿಗಳು ಪರದೆಯ ಹಿಂದೆ ಮರೆಯಾದ ವಸ್ತುಗಳಲ್ಲಿ ಯಾವ ಕಡೆ ಹೆಚ್ಚಿವೆ ಎಂದು ಲೆಕ್ಕ ಇಡಬಲ್ಲವು ಎಂದು ಇಟಲಿಯ ಸಂಶೋಧಕರು 2009ರಲ್ಲಿ ತೋರಿಸಿದರು.

ಓಣಿಯ ಹುಡುಗಿಯ ನೋಟ್‌ಬುಕ್ಕಿನಲ್ಲೂ ಆ ಕುಕ್ಕುವ ಕ್ರಮ ಇದೆ. ಮೊದಲ ಸ್ಥಾನ ಕಪ್ಪು ಹೇಂಟೆಯದು. ಎರಡನೆಯ ಸ್ಥಾನದ ಕಂದು ಹೇಂಟೆ, ಹುಂಜ ಇರುವ ಗೂಡಿನಿಂದ ತಂದುಕೊಟ್ಟ ಮೊಟ್ಟೆಗಳ ಮೇಲೆ ಮೂರು ವಾರ ಕಾವಿಗೆ ಕೂತು, ಮರಿಗಳ ಜೊತೆ ಹೊರಬಂದಾಗ ಉಳಿದವು ಅದನ್ನು ಹೊಸಬಳೆಂಬಂತೆ ಕುಕ್ಕಿದವು. ಮರಿ ಇದ್ದ ತಾಯಿ ಸುಮ್ಮನಿರಲಿಲ್ಲ, ಕಪ್ಪು ಹೇಂಟೆಯನ್ನೇ ಅಟ್ಟಿತು. ಆ ವಾರದ ಪುಟಗಳಲ್ಲಿ ಬಾಣದ ಗುರುತುಗಳು ಎಲ್ಲ ದಿಕ್ಕಿಗೂ ಓಡಿವೆ. "ಈಗ ಯಾರು ಫಸ್ಟು ಅಂತ ಗೊತ್ತಾಗ್ತಾ ಇಲ್ಲ ಮಾಮಿ, ಇನ್ನೂ ಬರೀತಾ ಇದ್ದೇನೆ" ಎಂದಳು.

ಅವಳಿಗೆ ಇನ್ನೆರಡು ಹೇಂಟೆ ತರುವ ಆಸೆ ಇದೆ. ತರುವವರು ಗಮನಿಸಬೇಕಾದದ್ದು: ಹೊಸತನ್ನು ನೇರವಾಗಿ ಗುಂಪಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಕಡೆ ಇಟ್ಟು ರೋಗ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ಒಂದು ವಾರ ಬಲೆಯ ಆಚೆ ಈಚೆ ಒಂದನ್ನೊಂದು ನೋಡುವಂತೆ ಇಡಿ. ಒಂಟಿಯಾಗಿ ತರುವುದಕ್ಕಿಂತ ಜೋಡಿ ತಂದರೆ ಕುಕ್ಕಿಸಿಕೊಳ್ಳುವ ನೋವು ಹಂಚಿಹೋಗುತ್ತದೆ. ಒಟ್ಟಿಗೆ ಬಿಡುವ ದಿನ ನೀರು, ಆಹಾರವನ್ನು ಎರಡು ಕಡೆ ಇಡಿ. ಸೋತ ಕೋಳಿ ಅವಿತುಕೊಳ್ಳಲು ಒಂದು ಹಳೆಯ ಬುಟ್ಟಿಯೋ ಹಂಚಿನ ಮರೆಯೋ ಇರಲಿ. ಗಾಯವಾಗಿ ರಕ್ತ ಬಂದರೆ ಆ ಕೋಳಿಯನ್ನು ತಕ್ಷಣ ತೆಗೆದು ಬೇರೆ ಇಡಿ, ರಕ್ತದ ಕೆಂಪು ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ. ಉಳಿದ ಜಗಳವನ್ನು ಅವುಗಳಿಗೇ ಬಿಡಿ, ಕೆಲವು ದಿನದಲ್ಲಿ ತಮ್ಮ ತಮ್ಮ ಸ್ಥಾನ ಅವೇ ಕಂಡುಕೊಳ್ಳುತ್ತವೆ.